ಕಬ್ಬಿನ ಬಿಲ್ಲಿಗೆ ಹೊಂದುವ ಬಾಡಿಗೆ: ಕಾಕತಿಯಲ್ಲಿ ನಾವು ಮನೆ ಹಿಡಿದದ್ದು

ತಿಂಗಳಾ ತಿಂಗಳಾ ಬಾಡಿಗೆ ಕೊಡುವುದು ಸಂಬಳದವರ ಮನೆಗೆ ಸರಿ. ನಮ್ಮಂಥ ಮನೆಗಳಲ್ಲಿ ರೊಕ್ಕ ಬರುವುದೇ ವರ್ಷಕ್ಕೆ ಒಂದೆರಡು ಸಲ. ಕಬ್ಬು ಕಾರ್ಖಾನೆಗೆ ಹೋಗಬೇಕು, ಬಿಲ್ ಆಗಬೇಕು, ಆಮೇಲೆ ಅಪ್ಪನ ಕೈಗೆ ದುಡ್ಡು. ಹೀಗಿರುವಾಗ ಪ್ರತಿ ತಿಂಗಳ ಐದನೇ ತಾರೀಕಿಗೆ ಎಲ್ಲಿಂದ ತರುವುದು? ಸಾಲ ಮಾಡಿಯೇ ತರಬೇಕು. ನನ್ನ ಎಂ.ಕಾಂ. ಮೊದಲ ಸೆಮಿಸ್ಟರ್ ಹಾಗೇ ಕಳೆಯಿತು. ಆಮೇಲೆ ಐದು ಹುಡುಗಿಯರು ಸೇರಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಮನೆ ಹಿಡಿದೆವು. ಬಾಡಿಗೆ ವರ್ಷಕ್ಕೆ ಎರಡೇ ಕಂತು. "ಹಂಗೆಲ್ಲಾ ಯಾರೂ ಕೊಡಂಗಿಲ್ಲ" ಅಂದವರೇ ಜಾಸ್ತಿ. ಆದರೆ ನಮಗೆ ಕೊಟ್ಟರು. ಕೋರ್ಸ್ ಮುಗಿಯುವ ತನಕ ಬಾಡಿಗೆಯ ವಿಷಯಕ್ಕೆ ಒಂದು ಮಾತೂ ಬರಲಿಲ್ಲ.

ಅಡ್ವಾನ್ಸ್, ಹನ್ನೊಂದು ತಿಂಗಳ ಅಗ್ರಿಮೆಂಟ್, ಬಾಂಡ್ ಪೇಪರ್ ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ದುಡ್ಡಿನ ಲೆಕ್ಕ ಹೇಳುತ್ತೇನೆ.

ಮೊದಲು ಇದ್ದದ್ದು ಬೆಳಗಾವಿ ಸಿಟಿಯ ಒಂದು ಪಿಜಿಯಲ್ಲಿ. ಊಟ ಸೇರಿ ತಿಂಗಳಿಗೆ 5,500ರ ಆಸುಪಾಸು, ಒಂದು ರೂಮಿಗೆ ಮೂವರು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರುವುದು ಭೂತರಾಮನಹಟ್ಟಿಯಲ್ಲಿ, ಹೈವೇ ಮೇಲೆ. ಸಿಟಿಯಿಂದ ದಿನಾ ಹೋಗಿ ಬರುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಬಿಲ್ ಬರುವ ತನಕ ಅಪ್ಪ ತಿಂಗಳಿಗೆ ಸೇಕಡಾ ಮೂರರ ಬಡ್ಡಿಗೆ ತಂದು ಕಳಿಸುತ್ತಿದ್ದರು. ನಾಲ್ಕು ತಿಂಗಳಿಗೆ ಬಡ್ಡಿಯೇ ಸಾವಿರದ ಐದುನೂರರ ಮೇಲಾಯಿತು. ಅಂದರೆ ಇರಲು ಕೊಡುವ ದುಡ್ಡಿನ ಜೊತೆಗೆ, ಆ ದುಡ್ಡು ಹೊತ್ತಿಗೆ ಸರಿಯಾಗಿ ಸಿಗಲಿ ಅಂತ ಇನ್ನೊಂದಿಷ್ಟು ದುಡ್ಡು. ಬಿಡುವಾಗ ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಿನಲ್ಲಿ ಹತ್ತಿರ ಹತ್ತಿರ ಅರ್ಧ ಹಿಡಿದರು. ಮೂವರಿಂದಲೂ ಅದೇ ಪೇಂಟಿಂಗಿಗೆ ಬೇರೆ ಬೇರೆ ಹಿಡಿದರು!

ಆಮೇಲೆ ವಡಗಾವಿಯಲ್ಲಿ ಸೋದರತ್ತೆಯ ಮನೆ. ಬಾಡಿಗೆ ಇಲ್ಲ, ಊಟ ಪ್ರೀತಿಯಿಂದ ಹಾಕುತ್ತಿದ್ದರು. ಆದರೆ ನೇಕಾರರ ಮನೆ, ಎರಡೇ ಕೋಣೆ, ಒಂದರಲ್ಲಿ ಪವರ್‌ಲೂಮ್. ಬೆಳಗ್ಗೆ ಶುರುವಾದರೆ ರಾತ್ರಿ ತನಕ ಖಟಖಟ. ಅವರ ದುಡಿಮೆ ಅದು, ನಿಲ್ಲಿಸಿ ಅನ್ನಲಿಕ್ಕೆ ಆಗುತ್ತದಾ? ಕಾಸ್ಟ್ ಅಕೌಂಟಿಂಗ್ ಓದಲು ನಾನೇ ಲೈಬ್ರರಿ ಮುಚ್ಚುವ ತನಕ ಕೂತು ಕತ್ತಲಾದ ಮೇಲೆ ಬರುತ್ತಿದ್ದೆ. ಅತ್ತೆಗೆ ಅದೇ ಚಿಂತೆ. ಬಹಳ ದಿನ ನಡೆಯಲಿಲ್ಲ.

ಹೈವೇ ಪಕ್ಕದ ಊರುಗಳಲ್ಲಿ ಇಡೀ ಮನೆ ಹಿಡಿಯುವ ಯೋಚನೆ ಬಂದದ್ದು ಆಗ. ಕಾಕತಿ ವಿಶ್ವವಿದ್ಯಾಲಯದ ದಾರಿಯಲ್ಲೇ ಇದೆ, ಬಸ್ ಜಾಸ್ತಿ. ಜೂನ್ 2023ರಿಂದ ಶಕ್ತಿ ಯೋಜನೆ ಇರುವುದರಿಂದ ನಮಗೆ ಬಸ್ ಖರ್ಚೇ ಇಲ್ಲ. ಒಂದು ಮಾತು ನೆನಪಿರಲಿ. ನಿಪ್ಪಾಣಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸಾಕು, ಕೊಲ್ಹಾಪುರಕ್ಕೆ ಹೋಗುವ ಬಸ್ ಹತ್ತಿದರೆ ಟಿಕೆಟ್ ತೆಗೆಯಬೇಕು. ಹೊರರಾಜ್ಯದ ಬಸ್ಸಿಗೆ ಯೋಜನೆ ಇಲ್ಲ. ಹುಡುಗರಾದರೆ ಸ್ಟೂಡೆಂಟ್ ಪಾಸ್ ಲೆಕ್ಕ ಸೇರಿಸಿಕೊಳ್ಳಿ.

ಆ ಮನೆ ಹೇಗೆ ಸಿಕ್ಕಿತು, ಯಾರ ಮೂಲಕ ಸಿಕ್ಕಿತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ಜೂನಿಯರ್‌ಗಳು ಇನ್ನೂ ಅದೇ ಓಣಿಯಲ್ಲಿದ್ದಾರೆ. ಬ್ರೋಕರ್ ಇರಲಿಲ್ಲ ಅಂತ ಹೇಳಿದರೆ ಸಾಕು.

ಮಾಲಕರು ಕೇಳಿದ್ದು ತಿಂಗಳಿಗೆ 6,500. ನಾನು ವರ್ಷಕ್ಕೆ 60,000 ಅಂದೆ. ಯುಗಾದಿಗೆ 30,000, ಸಂಕ್ರಾಂತಿ ಆದ ಮೇಲೆ 30,000. ಮಾಲಕರು, ಅಂದರೆ ಕಾಕಾ, ಸುಮ್ಮನಿದ್ದರು. ಅವರ ಹೆಂಡತಿ ಕಾಕು ಒಳಗಿಂದಲೇ ಕೇಳಿದರು: "ನಡುವ ನೀವು ಹೋಗಿಬಿಟ್ರ ನಾ ಯಾರನ್ನ ಕೇಳಲಿ ಯವ್ವಾ?"

ಗೋಡೆಯ ಮೇಲಿದ್ದ ಕ್ಯಾಲೆಂಡರ್ ಇಳಿಸಿ ಕಾಕುವಿನ ಮುಂದೆಯೇ ಹಿಡಿದೆ. ಯುಗಾದಿಗೆ ಕೊಡುವ ದುಡ್ಡು ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ. ಅದು ಪೂರ್ತಿ ಮುಂಗಡ. ಬಾಕಿ ಉಳಿಯುವುದು ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೇ ತಿಂಗಳು. ಜನವರಿಯಲ್ಲಿ ಎರಡನೇ ಕಂತು ಬಂದರೆ ಆ ಮೂರು ತಿಂಗಳೂ ಚುಕ್ತಾ, ಮಾರ್ಚ್ ತನಕದ್ದೂ ಬಂದ ಹಾಗೆ. ಆ ಮೂರು ತಿಂಗಳಿಗೆ ಅಂತಲೇ 15,000 ಡಿಪಾಸಿಟ್ ನಿಮ್ಮ ಹತ್ತಿರ ಇರಲಿ, ಅಂದೆ. ಆ ಮೂರೂ ತಿಂಗಳ ಮೇಲೆ ಕಾಕಾ ಬೆರಳಿಟ್ಟು ನೋಡಿದರು. ಅವರೂ ಕಬ್ಬು ಹಚ್ಚಿದವರು, ಬಿಲ್ಲಿನ ದಾರಿ ಕಾಯುವುದು ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರುವಾರ ನನ್ನ ಅಪ್ಪ, ಇನ್ನೊಬ್ಬಳ ಅಪ್ಪ ಬಂದು ಚಹಾ ಕುಡಿದು ಮಾತು ಕೊಟ್ಟರು. ಮುಗಿಯಿತು. ಮೂವತ್ತೈದು ವರ್ಷದಿಂದ ಬಾಡಿಗೆಗೆ ಕೊಡುತ್ತಿರುವ ನನಗೆ ನೆಟ್ಟಗೆ ಲೆಕ್ಕ ತೋರಿಸಿದ ಮೊದಲ ಬಾಡಿಗೆದಾರಳು ನೀನೇ ಅಂತ ಕಾಕಾ ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಹೆಮ್ಮೆ.

ಒಬ್ಬೊಬ್ಬರಿಗೆ ವರ್ಷಕ್ಕೆ 12,000, ಡಿಪಾಸಿಟ್ 3,000. ಇದರಲ್ಲಿ ನನ್ನದು ವಿದ್ಯಾಸಿರಿ ಯೋಜನೆಯ ದುಡ್ಡಿನಲ್ಲೇ ಹೋಯಿತು. ಹಾಸ್ಟೆಲ್‌ಗೆ ಅರ್ಜಿ ಹಾಕಿ ಸೀಟ್ ಸಿಗದ ಹಿಂದುಳಿದ ವರ್ಗದವರಿಗೆ ನನ್ನ ಕಾಲಕ್ಕೆ ತಿಂಗಳಿಗೆ 1,500ರಂತೆ ಹತ್ತು ತಿಂಗಳ ದುಡ್ಡು ಬರುತ್ತಿತ್ತು. ಅದು ತಡವಾಗಿ, ಒಟ್ಟಿಗೆ ಬರುತ್ತದೆ. ತಿಂಗಳ ಬಾಡಿಗೆಗೆ ಅದರಿಂದ ಏನೂ ಉಪಯೋಗವಿಲ್ಲ, ಕಂತಿನ ಬಾಡಿಗೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹಾಸ್ಟೆಲ್ ಹೇಗೂ ಸಿಗಲ್ಲ ಅಂತ ಅರ್ಜಿಯನ್ನೇ ಹಾಕದವರು ಇದನ್ನೂ ಕಳೆದುಕೊಳ್ಳುತ್ತಾರೆ. ನಮ್ಮಲ್ಲೊಬ್ಬಳ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. ಅವಳ ಆಧಾರ್ ಜೋಡಣೆ ಆಗಿದ್ದು ಎಂದೋ ನಿಂತುಹೋದ ಹಳೇ ಖಾತೆಗೆ. ಎಸ್‌ಎಸ್‌ಪಿಯಲ್ಲಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಅದೊಂದು ನೋಡಿಕೊಳ್ಳಿ.

ಕರೆಂಟಿನದು ಸ್ವಲ್ಪ ಕಿರಿಕಿರಿ ಆಯಿತು. ಗೃಹಜ್ಯೋತಿಯ ಉಚಿತ ಕರೆಂಟ್ ಬಾಡಿಗೆದಾರರಿಗೂ ಇದೆ. ಆದರೆ ಆ ಮನೆಯ ಆರ್.ಆರ್. ನಂಬರಿಗೆ (ಕರೆಂಟ್ ಸಂಪರ್ಕದ ನಂಬರು) ಹಿಂದಿನ ಬಾಡಿಗೆದಾರರ ಆಧಾರ್ ಜೋಡಿಸಿತ್ತು. ಅದನ್ನು ಬಿಡಿಸುವ ತನಕ ನಮ್ಮದು ಸೇರುವುದಿಲ್ಲ. ಇನ್ನೊಂದು ತೊಡಕು, 200 ಯೂನಿಟ್ ಅಂದರೆ ಎಲ್ಲರಿಗೂ 200 ಅಲ್ಲ. ಹಿಂದಿನ ಬಳಕೆಯ ಸರಾಸರಿ, ಅದರ ಮೇಲೆ ಸ್ವಲ್ಪ ಅಷ್ಟೇ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿನದಕ್ಕೆ ನಾವು ಕಟ್ಟಬೇಕು. ಹಳೇ ಮನೆ, ಹಿಂದಿನವರು ಬಳಸಿದ್ದು ಬಹಳ ಕಡಿಮೆ. ಐದು ಜನ ಕಾಯಿಲ್ ಹಾಕಿ ನೀರು ಕಾಯಿಸಿದ ತಿಂಗಳು ಬಿಲ್ ಬಂತು. ಬಚ್ಚಲಲ್ಲಿ ಹಂಡೆ, ಒಲೆ ಎರಡೂ ಇದ್ದವು. ಕಟ್ಟಿಗೆ ತರಿಸಿ ಅದಕ್ಕೇ ಬದಲಾದೆವು. ಬೆಳಗಾವಿಯ ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹತ್ತಿಸುವುದು ದೊಡ್ಡ ಕೆಲಸ. ಮೇ ತಿಂಗಳಲ್ಲೇ ಒಣಗಿಸಿ ಅಟ್ಟದ ಮೇಲೆ ಇಟ್ಟುಕೊಂಡರೆ ಒಳ್ಳೆಯದು.

ಊಟಕ್ಕೆ ಕಡಕ್ ರೊಟ್ಟಿ ಸರದಿ ಇತ್ತು. ವಾರಕ್ಕೆ ಒಬ್ಬರ ಊರಿಂದ ಒಂದು ದೊಡ್ಡ ಡಬ್ಬಿ, ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಪಲ್ಯ, ಸಾರು ಮಾತ್ರ ಇಲ್ಲಿ. ಬಾಡಿಗೆ, ಗ್ಯಾಸ್, ಕಾಯಿಪಲ್ಯ, ಹಾಲು ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 2,700-2,800 ದಾಟುತ್ತಿರಲಿಲ್ಲ. ಪಿಜಿಯ ಅರ್ಧ.

ಬಾಡಿಗೆಯನ್ನು ಇನ್ನೂ ಇಳಿಸಲು ಒಂದಿಷ್ಟು ಪ್ರಯತ್ನ ಮಾಡಿದೆವು. ಕಾಕಾನ ಮೊಮ್ಮಕ್ಕಳಿಗೆ ಟ್ಯೂಷನ್ ಹೇಳಿ ತಿಂಗಳಿಗೆ 500 ಕಡಿತ ಅಂತ ಮಾತಾಯಿತು. ಅವರ ಪರೀಕ್ಷೆ, ನಮ್ಮ ಪರೀಕ್ಷೆ ಒಂದೇ ಹೊತ್ತಿಗೆ ಬಂದು ಅದು ನಿಂತಿತು. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಪ್ರಾಜೆಕ್ಟ್ ಟೈಪ್ ಮಾಡುವುದು ಮಾತ್ರ ಗಿಟ್ಟಿತು. ಪುಟಕ್ಕೆ ಹದಿನೈದು ರೂಪಾಯಿ. ಡಿಸರ್ಟೇಷನ್ ಸಮಯದಲ್ಲಿ ಎರಡು ಮೂರು ಸಾವಿರ ಆಗುತ್ತಿತ್ತು. ಕನ್ನಡ ವಿಭಾಗದವರು ಇನ್ನೂ ಒಳ್ಳೆ ಗಿರಾಕಿಗಳು, ಹಳಗನ್ನಡದ ಸಾಲುಗಳಿಗೆ ಪುಟಕ್ಕೆ ಐದು ರೂಪಾಯಿ ಜಾಸ್ತಿ ತಗೊಳ್ಳುತ್ತಿದ್ದೆ.

ಬಿಡುವಾಗ ಡಿಪಾಸಿಟ್ ಕಾಕಾನ ಹತ್ತಿರ ಕೇಳಲೇ ಇಲ್ಲ. ಒಳಗೆ ಬರುವ ಹುಡುಗಿ ಹೊರಗೆ ಹೋಗುವವಳಿಗೆ 3,000 ಕೊಡುತ್ತಾಳೆ, ಅಗ್ರಿಮೆಂಟಿನಲ್ಲಿ ಹೆಸರು ಬದಲಾಗುತ್ತದೆ. ಕಾಕಾನ ಕೈಯಲ್ಲಿರುವ ದುಡ್ಡು ಅಲ್ಲೇ ಇರುತ್ತದೆ. ಪೇಂಟಿಂಗ್ ಮಾತೇ ಬರುವುದಿಲ್ಲ. ಈಗ ಅದೇ ಓಣಿಯಲ್ಲಿ ಇನ್ನೊಂದು ಮನೆಯವರೂ ಇದೇ ಲೆಕ್ಕಕ್ಕೆ ಒಪ್ಪಿದ್ದಾರೆ. ಹುಡುಕುವವರು ಅಡ್ಮಿಷನ್ ಲಿಸ್ಟ್ ಬರುವ ಮೊದಲೇ ಒಂದು ಸುತ್ತು ಹಾಕಿ. ಲಿಸ್ಟ್ ಬಿದ್ದ ವಾರದಲ್ಲಿ ಹೋದರೆ ಐದುನೂರು, ಸಾವಿರ ಏರಿಸಿಯೇ ಹೇಳುತ್ತಾರೆ. ಹೋಗುವಾಗ ಅಪ್ಪ, ಚಿಕ್ಕಪ್ಪ ಯಾರನ್ನಾದರೂ ಕರೆದುಕೊಂಡು ಹೋಗಿ. ಲೆಕ್ಕ ಮಾತ್ರ ನೀವೇ ಹೇಳಿ.