ಮಂಜು ಕರಗುವ ಹೊತ್ತು: ರನ್‌ವೇ ಪಕ್ಕದಲ್ಲಿ ನಿಂತು ಕಟ್ಟಿದ ಲೆಕ್ಕ

ಬೆಂಗಳೂರಿನ ಉತ್ತರದ ಬಯಲಿನಲ್ಲಿ, ಸುಮಾರು 3000 ಅಡಿ ಎತ್ತರದಲ್ಲಿರುವ ಸೇನಾ ವಿಮಾನ ನೆಲೆಯಲ್ಲಿ, ಚಳಿಗಾಲದ ಮುಂಜಾನೆ ಹಾರಬೇಕಾದ ಪೈಲಟ್‌ಗಳು ಹವಾಮಾನ ಕಚೇರಿಯನ್ನು ಮುಖ್ಯವಾಗಿ ಕೇಳುವುದು ಮಂಜು ಬೀಳುತ್ತದೆಯೇ, ಬಿದ್ದರೆ ಎಷ್ಟು ಹೊತ್ತಿಗೆ ಕರಗುತ್ತದೆ ಎಂಬುದನ್ನು. ಹಿಂದಿನ ರಾತ್ರಿಯ ಬ್ರೀಫಿಂಗ್‌ನಲ್ಲೇ ಇದಕ್ಕೆ ಉತ್ತರ ಕೊಡಬಹುದೆಂದು ನಾನು ಹೇಳಿದಾಗ ಹಿರಿಯ ಸಹೋದ್ಯೋಗಿಗಳು ಒಪ್ಪಲಿಲ್ಲ. ಮೂರನೆಯ ಚಳಿಗಾಲದ ಹೊತ್ತಿಗೆ ಹತ್ತರಲ್ಲಿ ಎಂಟರಷ್ಟು ಬಾರಿ ನನ್ನ ಅಂದಾಜು ಅರ್ಧ ಗಂಟೆಯ ಆಚೀಚೆಗೆ ಸರಿಹೋಯಿತು. ಆಮೇಲೆ ಅವರೇ ನನ್ನ ಅಂದಾಜಿನ ತಖ್ತೆಯನ್ನು ಕೇಳಿ ಪಡೆದರು.

ಸಂಜೆ ಐದೂವರೆಯ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣತೆಯನ್ನು, ಆಧಾರವಾಗಿಟ್ಟುಕೊಂಡ ಮೊದಲ ಚಳಿಗಾಲ ಪೂರ್ತಿ ವ್ಯರ್ಥವಾಯಿತು. ಮಂಜು ಬೀಳುತ್ತದೆ ಎಂದ ದಿನ ಆಕಾಶ ನಿರ್ಮಲವಾಗಿರುತ್ತಿತ್ತು. ಬೀಳುವುದಿಲ್ಲ ಎಂದ ದಿನ ಗೋಚರತೆ 300 ಮೀಟರ್‌ಗೆ ಇಳಿಯುತ್ತಿತ್ತು. ಆಮೇಲೆ ಹಿಡಿದ ದಾರಿಯ ಮೂಲ ನನ್ನದಲ್ಲ, ಅಮೆರಿಕದ ಒಂದು ಸರಕು ವಿಮಾನ ಸಂಸ್ಥೆಯ ಹವಾಮಾನ ತಜ್ಞರದು. ಮಧ್ಯಾಹ್ನದ ಅತಿ ಬಿಸಿ ಹೊತ್ತಿನಲ್ಲಿ ದಾಖಲಾದ ಕನಿಷ್ಠ ಇಬ್ಬನಿ ಬಿಂದುವನ್ನು ಬರೆದಿಟ್ಟುಕೊಂಡು, ರಾತ್ರಿಯ ಉಷ್ಣತೆ ಅದಕ್ಕಿಂತ ಒಂದೂವರೆ ಎರಡು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದೇ ಎಂದು ನೋಡಬೇಕು. ನಮ್ಮ ನೆಲೆಗೆ ಹೊಂದುವ ಅಂಕಿ ಅದಕ್ಕಿಂತ ಸ್ವಲ್ಪ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಚೇರಿಯ ಪಕ್ಕದ ಸ್ಟೀವನ್‌ಸನ್ ಪೆಟ್ಟಿಗೆಯ (ಉಷ್ಣಮಾಪಕಗಳನ್ನು ನೆರಳಲ್ಲಿಡುವ, ಗಾಳಿಯಾಡುವ ಪೆಟ್ಟಿಗೆ) ಅಂಕಿಗೂ ವಿಮಾನ ನೆಲ ಮುಟ್ಟುವ ಕಡೆಯ ಹುಲ್ಲಿನ ಮಟ್ಟದ ಅಂಕಿಗೂ ಕೆಲವು ರಾತ್ರಿ ನಾಲ್ಕು ಡಿಗ್ರಿಯಷ್ಟು ಅಂತರ ಕಾಣುತ್ತಿತ್ತು. ಅಲ್ಲಿಡಲೆಂದು ಸ್ವಂತ ಖರ್ಚಿನಲ್ಲಿ, ಒಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ತಂದ ಎಲೆಕ್ಟ್ರಾನಿಕ್ ಆರ್ದ್ರತಾ ಸೆನ್ಸರ್‌ಗಳು ಇಬ್ಬನಿಯಲ್ಲಿ ನೆನೆದು, ಬೆಳಗಾದ ಮೇಲೂ ನೂರು ಪ್ರತಿಶತವನ್ನೇ ತೋರಿಸುತ್ತ ಒಂದೇ ತಿಂಗಳಲ್ಲಿ ಕೆಟ್ಟವು. ಕೊನೆಗೆ ಕೈಹಿಡಿದದ್ದು ಹುಲ್ಲಿನ ಮಟ್ಟದಲ್ಲಿ ರಾತ್ರಿಯ ಕನಿಷ್ಠ ಉಷ್ಣತೆಯನ್ನು ತೋರಿಸುವ ಸಾದಾ ಹುಲ್ಲು-ಕನಿಷ್ಠ ಉಷ್ಣಮಾಪಕ. ಅದನ್ನು ಇಡಲು ಮರದ ಗೂಟಗಳಿಗೆ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಒಪ್ಪಲಿಲ್ಲ, ಅದು ಸರಿಯಾದ ನಿರ್ಧಾರವೇ. ರನ್‌ವೇ ಬಳಿಯ ಯಾವುದೇ ಆಧಾರ ವಿಮಾನ ತಾಗಿದರೆ ತಾನೇ ಮುರಿಯುವಂತಿರಬೇಕು. ತೆಳು ಪಿವಿಸಿ ಕೊಳವೆ ಕತ್ತರಿಸಿ ಕವೆ ಮಾಡಿದಾಗ ನೂರು ರೂಪಾಯಿಯೂ ಖರ್ಚಾಗಲಿಲ್ಲ.

ಗೋಚರತೆಗೆ ನಾನು ನೆಚ್ಚಿದ್ದು ರನ್‌ವೇಯ ಅಂಚುದೀಪಗಳನ್ನೇ. ಅವು ಸುಮಾರು 60 ಮೀಟರ್‌ಗೊಂದರಂತೆ ಇರುವುದರಿಂದ ಹತ್ತು ದೀಪ ಕಂಡರೆ ಸುಮಾರು 600 ಮೀಟರ್ ಎಂದು ಎಲ್ಲರಿಗೂ ಗೊತ್ತು. ಆದರೆ ಬೆಳಕಿನ ಕೋಣೆಯಿಂದ ನೇರವಾಗಿ ಬಂದವನ ಕಣ್ಣಿಗೆ ಎರಡು ದೀಪ ಕಡಿಮೆಯೇ ಕಾಣುತ್ತವೆ. ಹೀಗಾಗಿ ಕತ್ತಲಿಗೆ ಕಣ್ಣು ಹೊಂದುವವರೆಗೆ ನಿಂತು ಎಣಿಸುತ್ತಿದ್ದೆ, ಬೆಳಗಿನ ಬೆಳಕಿಗೆ ಬೇರೆ ತಖ್ತೆ ಇಟ್ಟುಕೊಂಡಿದ್ದೆ.

ನಾನು ಅತಿ ಹೆಚ್ಚು ಹಟ ಹಿಡಿದದ್ದು ನೆಲಕ್ಕಂಟಿ ತೆಳು ಪದರವಾಗಿ ನಿಲ್ಲುವ ಮಂಜಿನ ವಿಷಯದಲ್ಲಿ. ಮೇಲಿನಿಂದ ನೇರ ಕೆಳಗೆ ನೋಡುವ ಪೈಲಟ್‌ಗೆ ಇಡೀ ರನ್‌ವೇ ಸ್ಪಷ್ಟವಾಗಿ ಕಾಣುತ್ತದೆ. ಇಳಿಯುತ್ತ ಬಂದಂತೆ ಅವನ ದೃಷ್ಟಿ ಮಂಜನ್ನು ಓರೆಯಾಗಿ ಹಾಯಬೇಕಾಗಿ, ನೆಲ ಮುಟ್ಟುವ ಮುನ್ನ ವಿಮಾನದ ಮೂತಿ ಎತ್ತುವ ಕ್ಷಣದಲ್ಲಿ ದೀಪಗಳು ಮಾಯವಾಗುತ್ತವೆ. ವಿಮಾನ ಡಾರ್ನಿಯರ್ ಆಗಲಿ ಎಎನ್-32 ಆಗಲಿ, ಅದರಲ್ಲಿ ತರಬೇತಿಯ ಹುಡುಗರಿದ್ದಾಗ ಇದು ಪ್ರಾಣದ ಪ್ರಶ್ನೆ. ಆದ್ದರಿಂದ ಮಂಜಿನ ದಪ್ಪವನ್ನೂ ವರದಿಯಲ್ಲಿ ಸೇರಿಸಿದೆ. ಅದನ್ನು ಅಳೆಯಲು ಯಾವ ಕಟ್ಟಡದ ಯಾವ ಗುರುತು ನೋಡುತ್ತೇನೆಂಬುದು ನಮ್ಮ ಪಾಳಿಯವರಲ್ಲೇ ಉಳಿಯಲಿ.

ಸೂರ್ಯ ಹುಟ್ಟಿದೊಡನೆ ಮಂಜು ತೆಳುವಾಗುತ್ತದೆಂದು ನಂಬಿ ವಿಮಾನ ಸಜ್ಜು ಮಾಡಿಸಿ, ಎಂಜಿನ್ ಚಾಲೂ ಇಟ್ಟು ಇಂಧನ ಸುಟ್ಟ ಬೆಳಗುಗಳನ್ನು ನಾನು ಕಂಡಿದ್ದೇನೆ. ಮೊದಲ ಬಿಸಿಲಿಗೆ ಹುಲ್ಲಿನ ಇಬ್ಬನಿ ಆವಿಯಾಗಿ, ಗಾಳಿ ಕದಡಿ, ಸುಮಾರು ಅರ್ಧ ಗಂಟೆ ಮಂಜು ಇನ್ನಷ್ಟು ಗಟ್ಟಿಯಾಗುವುದುಂಟು. ನನ್ನ ಲೆಕ್ಕ ಆ ಅರ್ಧ ಗಂಟೆಯನ್ನು ಕಳೆದ ಮೇಲೆಯೇ ಶುರುವಾಗುತ್ತದೆ.

ಮಳೆಗಾಲದಲ್ಲಿ ಇದೇ ಹುಮ್ಮಸ್ಸಿನಿಂದ ಉಕ್ಕಿನ ಅಳತೆಪಟ್ಟಿ ಹಿಡಿದು ರನ್‌ವೇಯ ನೀರನ್ನೂ ಅಳೆದೆ. 3 ಮಿಲಿಮೀಟರ್ ದಾಟಿದರೆ ಅದು ಬರೀ ಒದ್ದೆಯಲ್ಲ, ನಿಂತ ನೀರು; ಟೈರು ನೀರಿನ ಮೇಲೆ ತೇಲುವ ಅಪಾಯ ಅಲ್ಲಿಂದ ಗಂಭೀರವಾಗುತ್ತದೆ. ಟೈರಿನ ರಬ್ಬರ್ ಮೆತ್ತಿದ ಜಾಗಗಳ ನಕ್ಷೆಯೂ ಆಯಿತು, ಆದರೆ ನೀರು ಇಳಿಯುವ ವೇಗಕ್ಕೆ ಇನ್ನೂ ನಂಬುವಂಥ ಸೂತ್ರ ಸಿಕ್ಕಿಲ್ಲ.

ಬೇರೆ ನೆಲೆಯವರು ಈ ಕ್ರಮವನ್ನು ಬಳಸುವುದಾದರೆ ಒಂದು ಚಳಿಗಾಲ ಪೂರ್ತಿ ಅಂಕಿಗಳನ್ನು ಬರೆದಿಡಬೇಕು, ಪೈಲಟ್‌ಗಳಿಗೆ ಹೇಳುವುದು ಎರಡನೆಯ ಚಳಿಗಾಲದಿಂದ. ಮಳೆಯ ತೇವ ಹೆಚ್ಚು ದಿನ ಹಿಡಿದಿಡುವ ಕಪ್ಪು ಮಣ್ಣಿನ ಬಯಲಿಗೆ ನಮ್ಮ ಕೆಂಪು ಮಣ್ಣಿನ ಅಂಕಿ ಹೊಂದುವುದಿಲ್ಲ.