ಹೊಸ ಓದುಗರಿಗೆ ಮೊದಲ ಪತ್ರ: ಬಯೋಡೇಟಾ ಬೇಡ, ಪರಿಚಯ ಸಾಕು

ಸ್ವಂತದ್ದೊಂದು ಇಮೇಲ್ ನ್ಯೂಸ್‌ಲೆಟರ್ ಶುರು ಮಾಡುವುದು ಈಗ ಸುಲಭ. ಇಂಥ ಪತ್ರಗಳನ್ನು ಓದುಗರಿಗೆ ಕಳಿಸಿಕೊಡುವ ಸೇವೆಗಳಿವೆ. 2017ರಲ್ಲಿ ಬಂದ ಸಬ್‌ಸ್ಟ್ಯಾಕ್ ಆಗಲಿ, ಅದಕ್ಕಿಂತ ಹಳೆಯ ಮೇಲ್‌ಚಿಂಪ್ ಆಗಲಿ, ಖಾತೆ ತೆರೆದು ಒಂದು ಹೆಸರಿಟ್ಟರೆ ಆಯಿತು. ಕಷ್ಟ ಬರುವುದು ಆಮೇಲೆ. ಯಾರೋ ನಿಮ್ಮ ಬರಹವೊಂದನ್ನು ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಒಂದಷ್ಟು ಅಪರಿಚಿತರು ತಮ್ಮ ಇಮೇಲ್ ವಿಳಾಸ ಕೊಟ್ಟು ಸೇರಿಕೊಳ್ಳುತ್ತಾರೆ. ಅವರಿಗೆ ನೀವು ಯಾರು ಅಂತ ಹೇಳಬೇಕಲ್ವಾ? ಹೇಳಬೇಕು. ಆದರೆ ಅದು ಎರಡನೇ ಮಾತು. ಅವರು ಸೇರಿದ್ದು ನಿಮ್ಮನ್ನು ನೋಡಿ ಅಲ್ಲ, ಓದಿದ ಆ ಒಂದು ಬರಹ ನೋಡಿ. ಅಂಥದ್ದು ಇನ್ನೂ ಬರುತ್ತದಾ ಎನ್ನುವುದೇ ಅವರ ಮೊದಲ ಪ್ರಶ್ನೆ.

ಆ ಇಂಗ್ಲಿಷ್ ಪತ್ರವನ್ನು ತೆಗೆಯಿರಿ

ಯಾರಾದರೂ ಸೇರಿದ ಕೂಡಲೇ ಸಬ್‌ಸ್ಟ್ಯಾಕ್ ತಾನಾಗಿಯೇ ಒಂದು ಸ್ವಾಗತ ಪತ್ರ ಕಳಿಸುತ್ತದೆ. ನೀವು ಮುಟ್ಟದೆ ಬಿಟ್ಟರೆ ಅದು ಇಂಗ್ಲಿಷಿನಲ್ಲೇ ಹೋಗುತ್ತದೆ. ಕನ್ನಡ ಓದಲು ಬಂದವರಿಗೆ ನಿಮ್ಮ ಹೆಸರಿನಲ್ಲಿ ಹೋಗುವ ಮೊದಲ ಮಾತು ಯಾವುದೋ ಕಂಪನಿ ಬರೆದ ಇಂಗ್ಲಿಷ್ ವಾಕ್ಯ! ಸೆಟ್ಟಿಂಗ್ಸ್‌ಗೆ ಹೋದರೆ ಸ್ವಾಗತ ಪತ್ರ ಬದಲಿಸುವ ಜಾಗ ಸಿಗುತ್ತದೆ. ನಿಮ್ಮ ಪರಿಚಯ ಇರಬೇಕಾದ್ದು ಅಲ್ಲಿ. ಹೊಸಬರು ಯಾವತ್ತು ಸೇರಿದರೂ ಅದು ಅವರಿಗೆ ತಪ್ಪದೆ ತಲುಪುತ್ತದೆ.

ಏನು ಬರುತ್ತದೆ, ಯಾವಾಗ ಬರುತ್ತದೆ

ಮೊದಲ ಎರಡು ಮೂರು ವಾಕ್ಯ ಇದಕ್ಕೇ ಇರಲಿ. ‘ಬದುಕು, ಸಮಾಜ, ಸಂಸ್ಕೃತಿಯ ಬಗ್ಗೆ ಬರೆಯುತ್ತೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ವಿಷಯ ಯಾವುದು, ಎಷ್ಟು ಉದ್ದ, ಯಾವ ವಾರ ಎಂದು ಹೇಳಿ. ದಿನದ ಮಾತು ಕೊಡುವಾಗ ಸ್ವಲ್ಪ ಕಂಜೂಸ್ ಆಗಿರುವುದೇ ಒಳ್ಳೆಯದು. ವಾರಕ್ಕೊಂದು ಬರೆಯಬಲ್ಲೆ ಅನಿಸಿದರೆ ತಿಂಗಳಿಗೆ ಎರಡು ಎನ್ನಿ. ವೇಳೆಯನ್ನೂ ತಿಳಿಸುವುದಾದರೆ ಭಾರತದ ಸಮಯ ಎಂದು ಸೇರಿಸಿ. ಇಲ್ಲಿ ಶನಿವಾರ ಬೆಳಿಗ್ಗೆ 7 ಗಂಟೆಯಾದಾಗ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಇನ್ನೂ ಶುಕ್ರವಾರ ಸಂಜೆ.

ಆಮೇಲೆ ನೀವು

ಎಡವುವುದು ಇಲ್ಲಿ. ಹುಬ್ಬಳ್ಳಿಯ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಹಿಂದೂಸ್ತಾನಿ ಸಂಗೀತದ ಬಗ್ಗೆ ಬರೆಯುತ್ತಾರೆ ಎಂದುಕೊಳ್ಳಿ. ಸಾಮಾನ್ಯವಾಗಿ ಕಾಣುವ ಪರಿಚಯ ಹೀಗಿರುತ್ತದೆ: ‘ಇವರು ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಸುದೀರ್ಘ ಸೇವೆ ಸಲ್ಲಿಸಿ ಪ್ರಸ್ತುತ ನಿವೃತ್ತರಾಗಿದ್ದು, ಸಂಗೀತ, ಸಾಹಿತ್ಯ ಮತ್ತು ಪ್ರವಾಸ ಇವರ ಹವ್ಯಾಸಗಳಾಗಿವೆ.’ ಸನ್ಮಾನ ಸಮಾರಂಭದಲ್ಲಿ ಶಾಲು ಹೊದಿಸುವ ಮುಂಚೆ ಓದಲು ಇದು ಸರಿ. ತಾವೇ ಬರೆಯುವ ಪತ್ರದಲ್ಲಿ ತಮ್ಮನ್ನೇ ‘ಇವರು’ ಎಂದರೆ ಓದುವವರಿಗೆ ನಗು ಬರುತ್ತದೆ. ಅದೇ ಮನುಷ್ಯರು ಹೀಗೆ ಬರೆಯಬಹುದು:

‘ನಮಸ್ಕಾರ. ತಿಂಗಳಿಗೆ ಎರಡು ಸಲ, ಶನಿವಾರ, ಒಂದು ರಾಗದ ಬಗ್ಗೆ ಒಂದು ಪುಟ ಮತ್ತು ಅದನ್ನು ಕೇಳಲು ಒಂದು ಲಿಂಕ್ ನಿಮಗೆ ಬರುತ್ತದೆ. ಶಾಸ್ತ್ರ ಗೊತ್ತಿಲ್ಲದವರಿಗಾಗಿಯೇ ಬರೆಯುತ್ತೇನೆ. ನಾನು ಹುಬ್ಬಳ್ಳಿಯವನು, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಹಾಡಲು ಬರುವುದಿಲ್ಲ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಕುಂದಗೋಳಕ್ಕೆ, ಗಾಯಕ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅರ್ಧ ರಾತ್ರಿಗೆ ಅಲ್ಲೇ ಅವರ ತೊಡೆಯ ಮೇಲೆ ಮಲಗಿಬಿಡುತ್ತಿದ್ದೆ. ನಿದ್ದೆಗಣ್ಣಲ್ಲಿ ಕೇಳಿದ್ದು ಯಾವ ರಾಗ ಎಂದು ಈಗ ಒಂದೊಂದಾಗಿ ಹುಡುಕುತ್ತಿದ್ದೇನೆ.’

ಬ್ಯಾಂಕ್ ಇಲ್ಲೂ ಇದೆ, ಆದರೆ ಅರ್ಧ ವಾಕ್ಯದಲ್ಲಿ ಮುಗಿಯಿತು. ಜಾಗ ಸಿಕ್ಕಿದ್ದು ಕುಂದಗೋಳಕ್ಕೆ. ಏಕೆಂದರೆ ಈ ಮನುಷ್ಯ ಈ ವಿಷಯವನ್ನೇ ಯಾಕೆ ಹಿಡಿದ ಎನ್ನುವುದು ಅದರಿಂದ ಗೊತ್ತಾಗುತ್ತದೆ. ನಿಮ್ಮ ಬದುಕಿನಲ್ಲೂ ಬರಹಕ್ಕೆ ನೇರ ಸಂಬಂಧ ಇರುವ ಒಂದು ಸಂಗತಿ ಆರಿಸಿ, ಅದನ್ನು ಊರಿನ ಹೆಸರು, ಜಾಗದ ಹೆಸರಿನ ಸಮೇತ ಹೇಳಿ. ಒಂದೇ ಸಾಕು. ಉಳಿದವು ಮುಂದಿನ ಪತ್ರಗಳಲ್ಲಿ ತಾವಾಗಿಯೇ ಬರುತ್ತವೆ.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ. ‘ನಾನೇನೂ ದೊಡ್ಡ ಬರಹಗಾರನಲ್ಲ, ಸುಮ್ನೆ ತೋಚಿದ್ದು ಗೀಚುತ್ತೇನೆ’ ಎಂಬ ವಿನಯ. ದಯವಿಟ್ಟು ಬೇಡ. ಸೇರಿಕೊಂಡವರ ಆಯ್ಕೆಯೇ ತಪ್ಪು ಎಂದು ಅವರ ಮುಖಕ್ಕೇ ಹೇಳಿದ ಹಾಗಾಗುತ್ತದೆ. ‘ಹಾಡಲು ಬರುವುದಿಲ್ಲ’ ಎನ್ನುವುದು ಬೇರೆ. ಅದು ಮಾಹಿತಿ.

ಹುಟ್ಟಿದ ತಾರೀಖು, ಫೋನ್ ನಂಬರ್, ಮಕ್ಕಳ ಶಾಲೆಯ ಹೆಸರು ಬೇಡ. ಮನೆ ವಿಳಾಸದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹುಷಾರು. ವ್ಯಾಪಾರದ ಇಮೇಲ್‌ಗಳಲ್ಲಿ ಕಳಿಸುವವರ ಅಂಚೆ ವಿಳಾಸ ಇರಲೇಬೇಕು ಎಂದು ಅಮೆರಿಕದ 2003ರ ಕಾನೂನು ಹೇಳುತ್ತದೆ. ಅದಕ್ಕೇ ಮೇಲ್‌ಚಿಂಪ್‌ನಂಥ ಸೇವೆಗಳು ಖಾತೆ ತೆರೆಯುವಾಗ ವಿಳಾಸ ಕೇಳುತ್ತವೆ. ನೀವು ಕೊಟ್ಟದ್ದು ಪ್ರತಿ ಪತ್ರದ ಅಡಿಯಲ್ಲೂ ಕಾಣಿಸುತ್ತದೆ. ಮನೆ ವಿಳಾಸದ ಬದಲು ಕೊಡಲು ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಸಿಗುತ್ತದಾ ಎಂದು ಮೊದಲೇ ವಿಚಾರಿಸಿ.

ಎರಡು ಲಿಂಕ್, ಒಂದು ಪ್ರಶ್ನೆ

ಪರಿಚಯದ ಕೆಳಗೆ ನಿಮ್ಮ ಹಳೆಯ ಬರಹಗಳಲ್ಲಿ ಎರಡನ್ನು ತೋರಿಸಿ. ಹತ್ತು ಕೊಟ್ಟರೆ ಒಂದನ್ನೂ ತೆರೆಯುವುದಿಲ್ಲ. ಲಿಂಕ್ ಕೊಡಿ, ಬರಹವನ್ನು ಇಡಿಯಾಗಿ ಪೇಸ್ಟ್ ಮಾಡಬೇಡಿ. ಪತ್ರದ ಗಾತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಕತ್ತರಿಸಿ ಮರೆಮಾಡುತ್ತದೆ. ಕನ್ನಡದಲ್ಲಿ ಆ ಮಿತಿ ಬೇಗ ಬರುತ್ತದೆ. ಒಂದು ಕೆಬಿ ಎಂದರೆ ಸುಮಾರು ಸಾವಿರ ಬೈಟ್. ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ವ್ಯವಸ್ಥೆ ಯೂನಿಕೋಡ್. ಅದರ ಪಠ್ಯವನ್ನು ಸಾಮಾನ್ಯವಾಗಿ ಉಳಿಸುವ ಯುಟಿಎಫ್-8 ಎಂಬ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ ‘ಕ’ಕ್ಕೆ 3 ಬೇಕು, ‘ಸ್ತ್ರೀ’ಗೆ 18.

ಕೊನೆಗೆ ಓದುಗರಿಗೆ ಒಂದು ಪ್ರಶ್ನೆ ಕೇಳಿ. ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ. ‘ನಿಮ್ಮ ಮನೆಯಲ್ಲಿ ಯಾರು ಹಾಡುತ್ತಿದ್ದರು?’ ಎಂದು ಕೇಳಿದರೆ ಉತ್ತರ ಬರುತ್ತದೆ. ಜೊತೆಗೇ ಒಂದು ಸಣ್ಣ ವಿನಂತಿ: ಜಿಮೇಲ್ 2013ರಿಂದ ಪತ್ರಗಳನ್ನು ಬೇರೆ ಬೇರೆ ಟ್ಯಾಬ್‌ಗೆ ಹಾಕುತ್ತಿದೆ. ನಿಮ್ಮದು ಪ್ರೊಮೋಷನ್ಸ್‌ನಲ್ಲಿ, ಸೀರೆ ಡಿಸ್ಕೌಂಟ್‌ಗಳ ನಡುವೆ ಬಿದ್ದಿದ್ದರೆ ಪ್ರೈಮರಿಗೆ ಎಳೆದು ಹಾಕಲು ಹೇಳಿ.

ಹಳಬರಿಗೂ ಒಮ್ಮೆ

ಸ್ವಾಗತ ಪತ್ರ ಹೊಸದಾಗಿ ಸೇರಿದವರಿಗೆ ಮಾತ್ರ ಹೋಗುತ್ತದೆ. ಒಂದೇ ಸಲಕ್ಕೆ ಬಹಳ ಜನ ಸೇರಿದಾಗ ಮುಂದಿನ ಪತ್ರದ ತಲೆಯಲ್ಲಿ ನಾಲ್ಕು ಸಾಲಿನ ಪರಿಚಯ ಹಾಕಿ, ‘ಹಳಬರು ನೇರ ಕೆಳಗೆ ಹೋಗಬಹುದು’ ಎಂದುಬಿಡಿ. ಅದಕ್ಕೆಂದೇ ಬೇರೆ ಪತ್ರ ಬೇಕಿಲ್ಲ.

ಕಳಿಸುವ ಮುನ್ನ

ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಮೊಬೈಲ್‌ನಲ್ಲಿ ಉದ್ದದ ಶೀರ್ಷಿಕೆ ಅರ್ಧಕ್ಕೇ ನಿಲ್ಲುತ್ತದೆ, ಮುಖ್ಯ ಪದ ಮೊದಲೇ ಬರಲಿ. ಆಮೇಲೆ ಪತ್ರವನ್ನು ನಿಮ್ಮ ಬರಹ ಓದದ ಒಬ್ಬರಿಗೆ ಕಳಿಸಿ, ‘ಇದು ಯಾವುದರ ಬಗ್ಗೆ ಬರುವ ಪತ್ರ?’ ಎಂದು ಕೇಳಿ. ‘ಯಾರೋ ಬ್ಯಾಂಕಿನವರದು’ ಎಂದರೆ ಬ್ಯಾಂಕಿನ ಸಾಲನ್ನು ಇನ್ನಷ್ಟು ಕೆಳಗಿಳಿಸಿ. ‘ರಾಗಗಳ ಬಗ್ಗೆ’ ಎಂದರೆ ಕಳಿಸಿಬಿಡಿ.