ಸರಿಯಾಗಿ ಸಾವಿರಕ್ಕೆ ನಿಂತ ಪಟ್ಟಿ

ಬೆಳಗಿನ ಪಾಳಿ ಆರಕ್ಕೆ. ಇನ್ನೂ ಹತ್ತು ನಿಮಿಷ ಇದ್ದಾಗಲೇ ಗೇಟಿನ ಸೆಕ್ಯುರಿಟಿಯವರ ಫೋನ್ ಬಂತು. “ಸಾರ್, ಕಾರ್ಡ್ ಇಟ್ರೆ ಕೆಂಪು ಲೈಟ್ ಬರ್ತಿದೆ. ಎಲ್ರುದ್ದೂ ಅಲ್ಲ, ಕೆಲವ್ರದ್ದು ಮಾತ್ರ.” ತುಮಕೂರು ರಸ್ತೆ ಕಡೆಯ ಆ ಕಾರ್ಖಾನೆಗೆ ಗೇಟ್ ಕಾರ್ಡಿನ ಸಾಫ್ಟ್‌ವೇರ್ ಬರೆದವನು ನಾನು. ಹೋಗಿ ನೋಡಿದರೆ ಗೇಟಿನ ಪಕ್ಕ ಹನ್ನೊಂದು ಜನ ನಿಂತಿದ್ದಾರೆ. ಅವರಲ್ಲಿ ಮೇಂಟೆನೆನ್ಸ್ ವಿಭಾಗದ ಹಿರಿಯರೊಬ್ಬರು, ಕೈಯಲ್ಲಿ ಊಟದ ಡಬ್ಬಿ, ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಕೇಳಿದರು: “ನನ್ನ ಹೆಸರು ತೆಗ್ದುಬಿಟ್ರಾ ಸಾರ್? ಏನಾದ್ರೂ ತಪ್ಪಾಯ್ತಾ ನನ್ನಿಂದ?”

ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರಿಂದ ತಪ್ಪೇನೂ ಆಗಿರಲಿಲ್ಲ. ತಪ್ಪು ನಾನು ಬರೆದ ಒಂದು ಸಾಲಿನಲ್ಲಿತ್ತು.

ವ್ಯವಸ್ಥೆ ಸರಳ. ಕಾರ್ಖಾನೆಯ ಎಲ್ಲ ನೌಕರರ ಹೆಸರು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಬಳಕೆದಾರರ ದಾಖಲೆ ಇಡುವ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ, ಇರುತ್ತದೆ. ಕೆಲಸ ಬಿಟ್ಟವರ ಹೆಸರನ್ನು ಎಚ್‌ಆರ್‌ನವರು ಅಲ್ಲಿಂದ ತೆಗೆಯುತ್ತಾರೆ. ರಾತ್ರಿ ಎರಡಕ್ಕೆ ನನ್ನ ಜಾವಾ ಪ್ರೋಗ್ರಾಂ ಎದ್ದು, ಎಲ್‌ಡಿಎಪಿ (ಡೈರೆಕ್ಟರಿ ಜೊತೆ ಮಾತಾಡುವ ಕ್ರಮ) ಮೂಲಕ ಡೈರೆಕ್ಟರಿಯ ಪೂರ್ತಿ ಪಟ್ಟಿ ಓದಿ, ಗೇಟಿನ ಡೇಟಾಬೇಸ್ ಜೊತೆ ಹೋಲಿಸಿ, ಡೈರೆಕ್ಟರಿಯಲ್ಲಿ ಕಾಣದವರ ಕಾರ್ಡನ್ನು ಬಂದ್ ಮಾಡುತ್ತದೆ. ಎರಡು ವರ್ಷ ಒಂದು ದಿನವೂ ತಕರಾರು ಮಾಡದೆ ಓಡಿತ್ತು.

ಮೊದಲು ಹನ್ನೊಂದು ಕಾರ್ಡನ್ನೂ ಕೈಯಿಂದಲೇ ಚಾಲೂ ಮಾಡಿ ಅವರನ್ನು ಒಳಗೆ ಕಳಿಸಿದೆ. ಆಮೇಲೆ ಲಾಗ್ ತೆಗೆದು ನೋಡಿದೆ. ಎರರ್ ಒಂದೂ ಇರಲಿಲ್ಲ. ಇದ್ದದ್ದು ಎರಡೇ ಸಾಲು: “ಓದಿದ ದಾಖಲೆ 1000. ಬಂದ್ ಮಾಡಿದ ಕಾರ್ಡ್ 11.” ಹಿಂದಿನ ರಾತ್ರಿ ಓದಿದ್ದು 987. ನಡುವೆ ಎಚ್‌ಆರ್‌ನವರು 32 ಜನ ಹೊಸ ಟ್ರೈನಿಗಳನ್ನು ಸೇರಿಸಿದ್ದರು. 987ಕ್ಕೆ 32 ಸೇರಿದರೆ 1019 ಆಗಬೇಕು. ಲಾಗ್ ಹೇಳುತ್ತಿರುವುದು 1000, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಷ್ಟು ಗುಂಡಾದ ಸಂಖ್ಯೆ ಕಂಡರೆ ಎಲ್ಲೋ ಯಾರೋ ಗೆರೆ ಎಳೆದಿದ್ದಾರೆ ಎಂದೇ ಲೆಕ್ಕ. ಬಿಟ್ಟುಹೋದ 19 ಜನರಲ್ಲಿ 8 ಮಂದಿ ಇನ್ನೂ ಕಾರ್ಡೇ ಸಿಗದ ಟ್ರೈನಿಗಳು. ಉಳಿದ 11 ಜನ ಹಳಬರು. ಡೈರೆಕ್ಟರಿ ಸರ್ವರ್ ಹೆಸರುಗಳನ್ನು ಸೇವೆಯ ಹಿರಿತನ ನೋಡಿ ಕೊಡುವುದಿಲ್ಲವಲ್ಲ.

ಗೆರೆ ಎಳೆದದ್ದು ಸರ್ವರ್. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಮ್ಯಾಕ್ಸ್‌ಪೇಜ್‌ಸೈಜ್ ಎಂಬ ಮಿತಿ ಇದೆ, ಅದರ ಡಿಫಾಲ್ಟ್ 1000. ಅದಕ್ಕಿಂತ ಹೆಚ್ಚು ದಾಖಲೆ ಹೊಂದುವ ಹುಡುಕಾಟವನ್ನು ಒಂದೇ ಸಲಕ್ಕೆ ಕೇಳಿದರೆ ಸಾವಿರ ಕೊಟ್ಟು, ಕೊನೆಯಲ್ಲಿ “ಎರರ್ ಕೋಡ್ 4, ಗಾತ್ರದ ಮಿತಿ ಮೀರಿದೆ” ಎಂದು ಹೇಳಿ ನಿಲ್ಲುತ್ತದೆ. ಅಂದರೆ ಸರ್ವರ್ ಸುಮ್ಮನಿರಲಿಲ್ಲ, ಹೇಳಬೇಕಾದ್ದನ್ನು ಹೇಳಿತ್ತು. ಕೇಳಿಸಿಕೊಳ್ಳದವನು ನಾನು.

ಇದು ಹೇಗಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದೇ ಸಾಲನ್ನು ಆಮೇಲೆ ಬೇರೆಯವರ ಕೋಡ್‌ನಲ್ಲೂ ಎಷ್ಟೋ ಸಲ ಕಂಡಿದ್ದೇನೆ. ಜಾವಾದಲ್ಲಿ ಡೈರೆಕ್ಟರಿ ಹುಡುಕಲು ಇರುವ ಜೆಎನ್‌ಡಿಐನಲ್ಲಿ ಫಲಿತಾಂಶ ನೇಮಿಂಗ್‌ಎನ್ಯೂಮರೇಶನ್ ಎಂಬ ರೂಪದಲ್ಲಿ ಬರುತ್ತದೆ. “ಇನ್ನೂ ಇದೆಯೇ?” ಎಂದು ಕೇಳಲು ಅದರಲ್ಲಿ ಎರಡು ಮೆಥಡ್‌ಗಳಿವೆ: ಹ್ಯಾಸ್‌ಮೋರ್ ಮತ್ತು ಹ್ಯಾಸ್‌ಮೋರ್‌ಎಲಿಮೆಂಟ್ಸ್. ನೋಡಲು ಎರಡೂ ಒಂದೇ. ಮೊದಲನೆಯದು ನಡುವೆ ಏನಾದರೂ ಕೆಟ್ಟರೆ ನೇಮಿಂಗ್‌ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ತಪ್ಪಾಗಿದೆ ಎಂದು ಕೂಗಿ ಹೇಳುತ್ತದೆ. ಎರಡನೆಯದು ಜಾವಾದ ಹಳೆಯ ಎನ್ಯೂಮರೇಶನ್‌ನಿಂದ ಬಳುವಳಿಯಾಗಿ ಬಂದದ್ದು. ಅಂಥ ಎಕ್ಸೆಪ್ಶನ್ ಎಸೆಯಲು ಅದರ ಘೋಷಣೆಯಲ್ಲೇ ಜಾಗ ಇಲ್ಲ. ಹಾಗಾಗಿ ಒಳಗೆ ಎಕ್ಸೆಪ್ಶನ್ ಬಂದರೆ ಎಲ್‌ಡಿಎಪಿ ಪ್ರೊವೈಡರ್ (ಜೆಎನ್‌ಡಿಐನ ಎಲ್‌ಡಿಎಪಿ ಭಾಗ) ಅದನ್ನು ನುಂಗಿಕೊಂಡು “ಇನ್ನಿಲ್ಲ” ಎಂದು ಫಾಲ್ಸ್ ಹಿಂದಿರುಗಿಸುತ್ತದೆ. ಎರಡನೆಯದನ್ನು ಬಳಸಿದರೆ ಎಕ್ಸೆಪ್ಶನ್ ಹಿಡಿಯುವ ಟ್ರೈ-ಕ್ಯಾಚ್ ಬರೆಯುವ ಕೆಲಸ ಉಳಿಯುತ್ತದೆ, ಅದಕ್ಕೇ ಕೈ ಅತ್ತ ಹೋಗುತ್ತದೆ. ನಾನೂ ಅದನ್ನೇ ಬರೆದಿದ್ದೆ. ಪಟ್ಟಿ ಮುಗಿಯಿತೋ, ಮಿತಿ ಮೀರಿತೋ, ನೆಟ್‌ವರ್ಕ್ ಕಡಿದುಹೋಯಿತೋ, ಮೂರಕ್ಕೂ ನನ್ನ ಪ್ರೋಗ್ರಾಂಗೆ ಸಿಗುತ್ತಿದ್ದದ್ದು ಒಂದೇ ಉತ್ತರ.

ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಬೆರಳು ಇಟ್ಟಾಗ ಅಂಗಡಿಯವರು “ಸರ್ವರ್ ಇಲ್ಲ, ಮಧ್ಯಾಹ್ನ ಬನ್ನಿ” ಅಂದರೆ ಬೇಜಾರಾದರೂ ತಡೆದುಕೊಂಡು ಮತ್ತೆ ಬರುತ್ತೇವೆ. “ನಿಮ್ಮ ಹೆಸರೇ ಪಟ್ಟಿಯಲ್ಲಿಲ್ಲ” ಅಂದರೆ ಎದೆ ಧಸಕ್ಕೆನ್ನುತ್ತದೆ, ತಾಲ್ಲೂಕು ಕಚೇರಿಗೆ ಓಡುತ್ತೇವೆ. ನನ್ನ ಪ್ರೋಗ್ರಾಂ ಸರ್ವರ್‌ನ ತೊಂದರೆಯನ್ನು ಮನುಷ್ಯನ ಹೆಸರಿನ ಮೇಲೆ ಹಾಕಿತ್ತು.

ಹ್ಯಾಸ್‌ಮೋರ್‌ಗೆ ಬದಲಾಯಿಸುವುದು ಐದು ನಿಮಿಷದ ಕೆಲಸ. ಬದಲಾಯಿಸಿದ ಕೂಡಲೇ ಸೈಜ್‌ಲಿಮಿಟ್‌ಎಕ್ಸೀಡೆಡ್‌ಎಕ್ಸೆಪ್ಶನ್ ಕಣ್ಣೆದುರು ಬಂತು. ಪೂರ್ತಿ ಪಟ್ಟಿ ಪಡೆಯಲು ಪುಟಪುಟವಾಗಿ ಕೇಳಬೇಕು. ಅದಕ್ಕೆ 1999ರಲ್ಲೇ ಆರ್‌ಎಫ್‌ಸಿ 2696 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಬಂದಿದೆ, ಜಾವಾದಲ್ಲಿ ಪೇಜ್ಡ್‌ರಿಸಲ್ಟ್ಸ್‌ಕಂಟ್ರೋಲ್ ಎಂದು ಸಿಗುತ್ತದೆ. ಒಂದು ಪುಟಕ್ಕೆ 500 ಎಂದು ಇಟ್ಟೆ. ಪ್ರತಿ ಪುಟದ ಕೊನೆಯಲ್ಲಿ ಸರ್ವರ್ ಒಂದು ಕುಕಿ (ಎಲ್ಲಿಯವರೆಗೆ ಓದಾಯಿತು ಎಂಬ ಗುರುತು) ಕೊಡುತ್ತದೆ, ಮುಂದಿನ ಪುಟ ಕೇಳುವಾಗ ಅದನ್ನು ವಾಪಸ್ ಕೊಡಬೇಕು. ಇಲ್ಲಿ ಅರ್ಧ ದಿನ ಕಳೆದೆ: ಆ ಪುಟದ ದಾಖಲೆಗಳನ್ನೆಲ್ಲ ಓದಿ ಮುಗಿಸಿದ ಮೇಲಷ್ಟೇ ಕುಕಿ ಕೈಗೆ ಸಿಗುತ್ತದೆ, ನಾನು ಓದುವ ಮೊದಲೇ ಕೇಳುತ್ತಿದ್ದೆ. ಇನ್ನೊಂದು ವಿಷಯ, ನಡುವೆ ಕನೆಕ್ಷನ್ ಕಡಿದರೆ ಹಳೆಯ ಕುಕಿ ಇಟ್ಟುಕೊಂಡು ಹೊಸ ಕನೆಕ್ಷನ್‌ನಲ್ಲಿ ಮುಂದುವರಿಸಲು ಹೋಗಬೇಡಿ. ಮೊದಲಿನಿಂದ ಶುರು ಮಾಡಿ.

ಆದರೆ ಪುಟ ಮಾಡಿದ್ದರಿಂದ ಮೂಲ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಅವತ್ತು ಸಂಜೆ ಅನ್ನಿಸಿತು. ಮೂರನೇ ಪುಟದಲ್ಲಿ ಸರ್ವರ್ ಬಿದ್ದರೆ? ಅದಕ್ಕೆ ಪಟ್ಟಿ ಓದುವ ಭಾಗವನ್ನೂ ಕಾರ್ಡ್ ಬಂದ್ ಮಾಡುವ ಭಾಗವನ್ನೂ ಬೇರೆ ಮಾಡಿದೆ. ಕೊನೆಯ ಪುಟದವರೆಗೆ ಎಕ್ಸೆಪ್ಶನ್ ಇಲ್ಲದೆ ಮುಗಿದರೆ ಮಾತ್ರ ಪಟ್ಟಿ ಮುಂದೆ ಹೋಗುತ್ತದೆ. ನಡುವೆ ಏನೇ ಕೆಟ್ಟರೂ ಓದಿದ್ದನ್ನೆಲ್ಲ ಚೆಲ್ಲಿ, ನಿನ್ನೆಯ ಸ್ಥಿತಿಯನ್ನೇ ಉಳಿಸಿಕೊಂಡು, ನನಗೆ ಮೇಲ್ ಕಳಿಸುತ್ತದೆ. ಒಂದು ದಿನ ಹಳೆಯದಾದ ಪೂರ್ತಿ ಪಟ್ಟಿ ಇವತ್ತಿನ ಅರ್ಧ ಪಟ್ಟಿಗಿಂತ ಎಷ್ಟೋ ಮೇಲು.

ಇಷ್ಟಾದ ಮೇಲೆ ಉಳಿದ ಕೋಡ್ ಓದಲು ಕುಳಿತೆ. ಎಲ್ಲ ಕಡೆ ಅದೇ ಗಂಟು. ಒಬ್ಬ ನೌಕರನನ್ನು ಹುಡುಕುವ ಮೆಥಡ್‌ನಲ್ಲಿ ನೇಮಿಂಗ್‌ಎಕ್ಸೆಪ್ಶನ್ ಹಿಡಿದು ನಲ್ ಕೊಡುತ್ತಿದ್ದೆ. ಕರೆದವರಿಗೆ ನಲ್ ಎಂದರೆ “ಅಂಥ ವ್ಯಕ್ತಿ ಇಲ್ಲ”. ಅದನ್ನು ಕಿತ್ತುಹಾಕಿ ಮೂರು ಉತ್ತರ ಮಾಡಿದೆ: ಸಿಕ್ಕಿತು, ಇಲ್ಲ, ಗೊತ್ತಾಗಲಿಲ್ಲ. ಯಾವ ತಪ್ಪು ಯಾವ ಬುಟ್ಟಿಗೆ ಎಂದು ಕೂತು ವಿಂಗಡಿಸುವುದೇ ನಿಜವಾದ ಕೆಲಸ. ಹುಡುಕಾಟ ಸರಿಯಾಗಿ ಮುಗಿದು ಒಂದು ದಾಖಲೆಯೂ ಬರಲಿಲ್ಲವೇ? ಅದು “ಇಲ್ಲ”. ಕಮ್ಯುನಿಕೇಶನ್‌ಎಕ್ಸೆಪ್ಶನ್, ಸರ್ವೀಸ್‌ಅನ್‌ಅವೈಲಬಲ್‌ಎಕ್ಸೆಪ್ಶನ್, ಸಮಯದ ಮಿತಿ ಮೀರಿದ ಕೋಡ್ 3, ಸರ್ವರ್ ಬಿಡುವಿಲ್ಲದ ಕೋಡ್ 51, ಇವೆಲ್ಲ “ಗೊತ್ತಾಗಲಿಲ್ಲ”. ಪಾರ್ಶಿಯಲ್‌ರಿಸಲ್ಟ್‌ಎಕ್ಸೆಪ್ಶನ್ ಕೂಡ ಅಲ್ಲಿಗೇ. ಡೊಮೇನ್‌ನ, ಅಂದರೆ ಇಡೀ ಡೈರೆಕ್ಟರಿಯ, ಬುಡದಿಂದ ಹುಡುಕಿದಾಗ ಆ್ಯಕ್ಟಿವ್ ಡೈರೆಕ್ಟರಿ “ಉಳಿದದ್ದು ಇನ್ನೊಂದು ಕಡೆ ಇದೆ, ಅಲ್ಲಿ ಕೇಳು” ಎನ್ನುವುದರಿಂದ ಅದು ಬರುತ್ತದೆ. ಅದನ್ನು ಕಡೆಗಣಿಸುವ ಸ್ವಿಚ್ ಲೈಬ್ರರಿಗಳಲ್ಲಿ ಇದೆ, ಆದರೆ ಕಾರಣ ತಿಳಿಯದೆ ಅದನ್ನು ಒತ್ತುವುದು ಬೇಡ. ನಾನು ಹುಡುಕಾಟವನ್ನು ನೌಕರರ ಒಯುಗೆ (ಡೈರೆಕ್ಟರಿಯೊಳಗಿನ ಒಂದು ವಿಭಾಗ) ಸೀಮಿತ ಮಾಡಿದೆ, ಅದು ನಿಂತಿತು.

ಕೋಡ್ 32 ಮಾತ್ರ ನನ್ನನ್ನು ತುಂಬಾ ಯೋಚಿಸುವಂತೆ ಮಾಡಿತು. ಜಾವಾದಲ್ಲಿ ಅದು ನೇಮ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಆಗಿ ಬರುತ್ತದೆ, “ಹೆಸರು ಸಿಗಲಿಲ್ಲ” ಎಂದೇ ಅರ್ಥ. ಕಣ್ಣುಮುಚ್ಚಿ “ಇಲ್ಲ” ಬುಟ್ಟಿಗೆ ಹಾಕಬಹುದು ಅನ್ನಿಸುತ್ತದೆ. ಆದರೆ ಹುಡುಕಾಟದಲ್ಲಿ ಅದು ಬಂದರೆ ಸಿಗದೇ ಹೋದದ್ದು ನೌಕರನಲ್ಲ, ನಾವು ಹುಡುಕಲು ನಿಂತ ಜಾಗವೇ. ಯಾರೋ ಒಯುವಿನ ಹೆಸರು ಬದಲಿಸಿದರೆ ಹೀಗಾಗುತ್ತದೆ. ಬೀದಿಯ ಹೆಸರು ಬದಲಾದರೆ ಆ ಬೀದಿಯ ಮನೆಯವರೆಲ್ಲ ಸತ್ತುಹೋದರು ಎಂದು ಬರೆದುಕೊಳ್ಳಲಾಗದು. ಹಾಗಾಗಿ ಹುಡುಕಾಟದ 32 ನನ್ನಲ್ಲಿ “ಗೊತ್ತಾಗಲಿಲ್ಲ”, ಜೊತೆಗೆ ಕಾನ್ಫಿಗರೇಶನ್ ನೋಡಿ ಎಂಬ ಎಚ್ಚರಿಕೆ.

ಲಾಗಿನ್ ಪರದೆಯ ಕಥೆ ಇನ್ನೊಂದು. ಅಲ್ಲಿ ಏನೇ ಎಕ್ಸೆಪ್ಶನ್ ಬಂದರೂ “ಪಾಸ್‌ವರ್ಡ್ ತಪ್ಪಾಗಿದೆ” ಎಂದು ತೋರಿಸುತ್ತಿತ್ತು. ಸರ್ವರ್ ಕೆಟ್ಟ ದಿನ ಜನ ಸಾಲಾಗಿ ಪಾಸ್‌ವರ್ಡ್ ಬದಲಿಸಿಕೊಡಿ ಎಂದು ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುತ್ತಿದ್ದರು. ಈಗ ಅಥೆಂಟಿಕೇಶನ್‌ಎಕ್ಸೆಪ್ಶನ್, ಅಂದರೆ ಕೋಡ್ 49 ಬಂದರೆ ಮಾತ್ರ ಪಾಸ್‌ವರ್ಡ್ ಮಾತು. ಆ 49ರ ಸಂದೇಶದ ಒಳಗೆ ಆ್ಯಕ್ಟಿವ್ ಡೈರೆಕ್ಟರಿ ಇನ್ನೊಂದು ಚಿಕ್ಕ ಕೋಡ್ ಇಡುತ್ತದೆ: 52ಇ ಎಂದರೆ ಪಾಸ್‌ವರ್ಡ್ ತಪ್ಪು, 532 ಎಂದರೆ ಅವಧಿ ಮುಗಿದಿದೆ, 533 ಖಾತೆ ನಿಷ್ಕ್ರಿಯ, 773 ಪಾಸ್‌ವರ್ಡ್ ಬದಲಿಸಲೇಬೇಕು, 775 ಖಾತೆ ಲಾಕ್ ಆಗಿದೆ. 532 ಬಂದವರಿಗೆ “ಪಾಸ್‌ವರ್ಡ್ ಅವಧಿ ಮುಗಿದಿದೆ, ಹೊಸದು ಇಡಿ” ಎಂದು ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ. 525, ಅಂದರೆ ಆ ಹೆಸರಿನ ಬಳಕೆದಾರನೇ ಇಲ್ಲ ಎಂಬುದನ್ನು ಮಾತ್ರ ಪರದೆಯ ಮೇಲೆ ಹೇಳುವುದಿಲ್ಲ. ಯಾವ ಹೆಸರು ಇದೆ, ಯಾವುದು ಇಲ್ಲ ಎಂದು ಹೊರಗಿನವರು ತಡಕಾಡಿ ತಿಳಿಯಬಾರದು. ಮತ್ತು 49 ಬಂದಾಗ ಪ್ರೋಗ್ರಾಂ ತಾನಾಗಿ ಮತ್ತೆ ಪ್ರಯತ್ನಿಸಲೇಬಾರದು, ಖಾತೆ ಲಾಕ್ ಆಗುತ್ತದೆ. ಮರುಪ್ರಯತ್ನ “ಗೊತ್ತಾಗಲಿಲ್ಲ” ಬುಟ್ಟಿಗೆ ಮಾತ್ರ, ಅದೂ ನಡುವೆ ಬಿಡುವು ಕೊಟ್ಟು.

ಇದೇ ಜಾಗದಲ್ಲಿ ತಪ್ಪೇ ಬಾರದ ಅಪಾಯವೊಂದಿದೆ. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟು ಬೈಂಡ್ (ಸರ್ವರ್‌ಗೆ ಗುರುತು ಹೇಳಿ ಪ್ರವೇಶ ಕೇಳುವುದು) ಮಾಡಿದರೆ ಎಲ್‌ಡಿಎಪಿ ಅದನ್ನು ಅನಾಮಧೇಯ ಪ್ರವೇಶದಂತೆ ನೋಡುತ್ತದೆ, ಎಷ್ಟೋ ಸರ್ವರ್‌ಗಳು “ಆಯಿತು” ಎಂದುಬಿಡುತ್ತವೆ. ಎಕ್ಸೆಪ್ಶನ್ ಬರಲಿಲ್ಲ, ಅಂದರೆ ಲಾಗಿನ್ ಆಯಿತು ಎಂದು ಬರೆದ ಕೋಡ್ ಬಾಗಿಲು ತೆರೆದುಬಿಡುತ್ತದೆ. ಖಾಲಿ ಪಾಸ್‌ವರ್ಡನ್ನು ಸರ್ವರ್‌ವರೆಗೆ ಹೋಗಲು ಬಿಡಬೇಡಿ.

ಟೈಮ್‌ಔಟ್, ಅಂದರೆ ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿಯ, ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾವಾದ ಎಲ್‌ಡಿಎಪಿಯಲ್ಲಿ ಕನೆಕ್ಟ್ ಟೈಮ್‌ಔಟ್, ರೀಡ್ ಟೈಮ್‌ಔಟ್ ಎರಡನ್ನೂ ನಾವೇ ಮಿಲಿಸೆಕೆಂಡ್‌ನಲ್ಲಿ, ಸ್ಟ್ರಿಂಗ್ ಆಗಿ ಕೊಡಬೇಕು. ರೀಡ್ ಟೈಮ್‌ಔಟ್ ಕೊಡದಿದ್ದರೆ ಉತ್ತರ ಬರುವವರೆಗೆ ಅದು ಕಾಯುತ್ತಲೇ ಇರುತ್ತದೆ. ಪೂಲ್, ಅಂದರೆ ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು, ಬಳಸುವವರು ಒಂದು ನೆನಪಿಡಿ: ಹದಿನೈದು ನಿಮಿಷ ಸುಮ್ಮನಿದ್ದ ಕನೆಕ್ಷನ್ನನ್ನು ಆ್ಯಕ್ಟಿವ್ ಡೈರೆಕ್ಟರಿ ಡಿಫಾಲ್ಟ್ ಆಗಿ ಮುಚ್ಚುತ್ತದೆ. ಊಟದ ಬಿಡುವಿನ ನಂತರದ ಮೊದಲ ಲಾಗಿನ್ ಮಾತ್ರ ಕೆಡುತ್ತಿದ್ದರೆ ಅಲ್ಲಿ ನೋಡಿ.

ಸರ್ವರ್‌ನ ಹೆಸರಿನಿಂದ ಅದರ ನೆಟ್‌ವರ್ಕ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲೂ ಇದೇ ಭೇದ ಇದೆ. ಎನ್‌ಎಕ್ಸ್‌ಡೊಮೇನ್ ಎಂದರೆ ಆ ಹೆಸರು ಇಲ್ಲ, ಸರ್ವ್‌ಫೇಲ್ ಎಂದರೆ ಹೇಳಲಾಗುತ್ತಿಲ್ಲ. ಸಿ ಭಾಷೆಯಲ್ಲಿ ಗೆಟ್‌ಆ್ಯಡ್ರ್‌ಇನ್ಫೋ ಎರಡಕ್ಕೂ ಬೇರೆ ಬೇರೆ ಕೋಡ್ ಕೊಡುತ್ತದೆ. ಜಾವಾದ ಇನೆಟ್‌ಆ್ಯಡ್ರೆಸ್ ಮಾತ್ರ ಎರಡಕ್ಕೂ ಅನ್‌ನೋನ್‌ಹೋಸ್ಟ್‌ಎಕ್ಸೆಪ್ಶನ್ ಎಂಬ ಒಂದೇ ಹೆಸರು ಇಟ್ಟು, ಆ ತಪ್ಪು ಉತ್ತರವನ್ನು ಡಿಫಾಲ್ಟ್ ಆಗಿ 10 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಎರಡು ಸೆಕೆಂಡ್ ಬಿಟ್ಟು ಮಾಡಿದ ನನ್ನ ಮರುಪ್ರಯತ್ನಗಳು ಹೊರಗೆ ಹೋಗುತ್ತಲೇ ಇರಲಿಲ್ಲ ಎಂಬುದು ಇದನ್ನು ತಿಳಿದ ಮೇಲೆ ಅರ್ಥವಾಯಿತು. ಎಲ್‌ಡಿಎಪಿಯಲ್ಲಿ ಈ ತೊಂದರೆ ಕಮ್ಯುನಿಕೇಶನ್‌ಎಕ್ಸೆಪ್ಶನ್ ಒಳಗೆ ಅವಿತಿರುತ್ತದೆ, ಆದ್ದರಿಂದ ಲಾಗ್‌ನಲ್ಲಿ ಮೂಲ ಕಾರಣವನ್ನು ಬಿಡದೆ ಬರೆಯಿರಿ. ನೇಮಿಂಗ್‌ಎಕ್ಸೆಪ್ಶನ್ ತನ್ನೊಳಗೆ ಎಲ್ಲಿಯವರೆಗೆ ಹೆಸರು ಸಿಕ್ಕಿತು, ಎಷ್ಟು ಉಳಿಯಿತು ಎಂಬುದನ್ನೂ ಇಟ್ಟುಕೊಂಡಿರುತ್ತದೆ, ಅದನ್ನೂ ಬರೆಯಿರಿ.

ಪರೀಕ್ಷೆಗೆ ನನ್ನ ಲ್ಯಾಪ್‌ಟಾಪ್‌ನಲ್ಲೇ ಓಪನ್‌ಎಲ್‌ಡಿಎಪಿ ಎಂಬ ಉಚಿತ ಡೈರೆಕ್ಟರಿ ಸರ್ವರ್ ಹಾಕಿಕೊಂಡೆ. ಅದರ ಡಿಫಾಲ್ಟ್ ಮಿತಿ 500, ಅದನ್ನು 5ಕ್ಕೆ ಇಳಿಸಿ ಏಳು ಹೆಸರು ತುಂಬಿದರೆ ಸಾಕು, ಆ ಬೆಳಗಿನ ಘಟನೆ ಮೇಜಿನ ಮೇಲೆ ಮತ್ತೆ ನಡೆಯುತ್ತದೆ. ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸಿ ಒಮ್ಮೆ, ತಕ್ಷಣ ನಿರಾಕರಿಸಿ ಒಮ್ಮೆ ನೋಡಿದೆ. ಮೊದಲನೆಯದರಲ್ಲಿ ಮಾತ್ರ ಟೈಮ್‌ಔಟ್‌ನ ಬೆಲೆ ತಿಳಿಯುತ್ತದೆ.

ಇಷ್ಟು ಮಾಡಿದ ಮೇಲೆ ಎಚ್‌ಆರ್ ಮೇಡಂ ಹತ್ತಿರ ಹೋಗಿ ಒಂದು ಕೇಳಿಕೊಂಡೆ. “ಕೆಲಸ ಬಿಟ್ಟವರ ಹೆಸರನ್ನು ಡೈರೆಕ್ಟರಿಯಿಂದ ತಕ್ಷಣ ಅಳಿಸಬೇಡಿ ಮೇಡಂ, ಖಾತೆಯನ್ನು ಡಿಸೇಬಲ್ ಮಾಡಿ ಮೂರು ತಿಂಗಳು ಬಿಡಿ.” ಅವರು ಒಪ್ಪಿದರು. ಡಿಸೇಬಲ್ ಮಾಡಿದರೆ ಯೂಸರ್‌ಅಕೌಂಟ್‌ಕಂಟ್ರೋಲ್ ಎಂಬ ಸಂಖ್ಯೆಯಲ್ಲಿ 2ರ ಬಿಟ್ (ಖಾತೆ ನಿಷ್ಕ್ರಿಯ ಎಂಬ ಗುರುತು) ಏರುತ್ತದೆ. ಈಗ ನನ್ನ ಪ್ರೋಗ್ರಾಂ ಕಾರ್ಡ್ ಬಂದ್ ಮಾಡುವುದು ದಾಖಲೆಯನ್ನು ಕಣ್ಣಾರೆ ಓದಿ, ಆ ಬಿಟ್ ಏರಿರುವುದನ್ನು ನೋಡಿದಾಗ ಮಾತ್ರ. ಕಾಣದೇ ಹೋದ ಹೆಸರುಗಳು ಬೆಳಿಗ್ಗೆ ಒಂಬತ್ತಕ್ಕೆ ಮೇಡಂ ಮೇಜಿಗೆ ಪಟ್ಟಿಯಾಗಿ ಹೋಗುತ್ತವೆ. ಅವರು ಒಬ್ಬೊಬ್ಬರನ್ನೇ ನೋಡಿ ಟಿಕ್ ಹಾಕುವವರೆಗೆ ಗೇಟಿನಲ್ಲಿ ಹಸಿರು ದೀಪವೇ ಬರುತ್ತದೆ.